ನೀರು ನೋಡಿ ಬರ್ತೇನಿ

"ಏನ್ರೀ, ಹಿಂದ ಕಣ್ಣಿಲ್ಲಂದ್ರ ಕನ್ನಡಿನಾದ್ರೂ ಐತೋ ಇಲ್ಲೋ?"

ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನ ಮುಂದೆ ಮಾಲಾಳ ದನಿಗೆ ಚಹದಂಗಡಿಯವರೆಲ್ಲ ತಿರುಗಿ ನೋಡಿದರು. ಹಿಂದಕ್ಕೆ ಬಂದ ಬಿಳಿ ಗಾಡಿಯೊಂದು ಅವಳ ಸ್ಕೂಟಿಗೆ ತಾಗಿ, ಮುಂದಿಟ್ಟಿದ್ದ ಕುರಿ ಲಸಿಕೆಯ ಡಬ್ಬಿ ರಸ್ತೆಗೆ ಬಿದ್ದಿತ್ತು. ಮುದ್ದೇಬಿಹಾಳದ ಪಶು ಆಸ್ಪತ್ರೆಯಲ್ಲಿ ಅವಳ ಕೆಲಸ. ಟಗರುಗಳನ್ನೇ ಬೈದು ಹಿಡಿಯುವವಳು, ಗಾಡಿಯವನನ್ನು ಬಿಡುತ್ತಾಳೆಯೇ?

ಅದು ಗಾಡಿಯೋ, ಮನೆಯೋ! ಕಿಟಕಿಗೆ ಪರದೆ, ತಲೆಯ ಮೇಲೆ ನೀರಿನ ಟಾಕಿ, ತೆರೆದ ಬಾಗಿಲಲ್ಲಿ ಗ್ಯಾಸಿನ ಒಲೆ, ಅದರಾಚೆ ಹಾಸಿಗೆ.

"ತಪ್ಪಾತ್ರೀ ಅಕ್ಕಾರ..." ಎನ್ನುತ್ತ ಇಳಿದವನು ಡಬ್ಬಿ ಎತ್ತಿಕೊಂಡು ಅವಳ ಮುಖ ನೋಡಿದ.

"ಮಾಲಾ?"

ಅಯ್ಯೋ, ಆ ದನಿ! ಗಡ್ಡ ಬಂದಿದೆ, ಹೆಗಲು ಅಗಲವಾಗಿದೆ. ಆದರೆ ಎಡ ಹುಬ್ಬಿನ ಮೇಲೆ ಟಗರು ಗುದ್ದಿದ ಗಾಯದ ಗುರುತು ಹಾಗೇ ಇದೆ. ಅಮಿತ!

ಅವಳಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

ಮಾಲಾಳ ಅಪ್ಪ ಪರಸಪ್ಪನ ಕುರಿ ಹಿಂಡಿನ ಜೊತೆಗೇ ಬೆಳೆದ ಹುಡುಗ ಈ ಅಮಿತ. ಸುಗ್ಗಿ ಮುಗಿದ ಹೊಲ ಹುಡುಕುತ್ತ ಸಿಂದಗಿ ಕಡೆಯಿಂದ ಕೃಷ್ಣೆಯ ದಂಡೆಯ ತನಕ ನಡೆಯುವುದೇ ಅವರ ಬದುಕಾಗಿತ್ತು. ಕುದುರೆಯ ಬೆನ್ನ ಮೇಲೆ ಸಂಸಾರ, ಮೂರು ಕಲ್ಲಿನ ಒಲೆ, ಕಂಬಳಿಯೊಳಗೆ ಕುರಿಮರಿಯ ಜೊತೆ ನಿದ್ದೆ... ಆ ದಿನಗಳೇ ದಿನಗಳು!

ಆ ಮನೆಯಲ್ಲೊಂದು ಪದ್ಧತಿಯಿತ್ತು. ಎಲ್ಲರಿಗಿಂತ ಮೊದಲು ಒಬ್ಬ ಹೋಗಿ ಮುಂದಿನ ಜಾಗ ನೋಡಿ, ಅಲ್ಲಿನ ನೀರು ತುಂಬಿಕೊಂಡು ಬರಬೇಕು. ಮನೆಯ ಹೆಂಗಸು ಅದನ್ನು ಕುಡಿದು 'ಹೋಗೂಣು' ಎಂದರೆ ಮಾತ್ರ ಬಿಡಾರ ಏಳುವುದು.

ಒಂದು ಮುಂಜಾನೆ ಗೊಳಸಂಗಿಯ ಹೊಲದಿಂದ ಅಮಿತ, "ನೀರು ನೋಡಿ ಬರ್ತೇನಿ ಮಾಲಾ" ಎಂದು ನಿಡಗುಂದಿ ಕಡೆ ಹೋದ. ಸಂಜೆಗೆ ಬರಬೇಕಾದವನು ಬರಲಿಲ್ಲ. ಮರುದಿನ ಕುರಿ ಕೊಳ್ಳುವವರ ಲಾರಿ ಬಂತು. ಪರಸಪ್ಪ ಹಿಂಡು ಮಾರಿ, ಮಗಳನ್ನು ಇಂಡಿಯ ಹಾಸ್ಟೆಲ್ಲಿಗೆ ಸೇರಿಸಿದ. ಲಾರಿಯ ಹಿಂದೆ ಕೂತ ಮಾಲಾ ದಾರಿಯುದ್ದಕ್ಕೂ ಹೊರಳಿ ಹೊರಳಿ ನೋಡಿದ್ದಳು.

'ಬಿಟ್ಟು ಓಡಿಹೋದ' ಎಂದು ಅವತ್ತು ಮನಸ್ಸಿಗೆ ಹೊಕ್ಕ ಮುಳ್ಳು ಇನ್ನೂ ಹೊರಗೆ ಬಂದಿರಲಿಲ್ಲ.

ಆದರೂ ಅವಳು ಕೇಳಿದ್ದು ಬೇರೆಯೇ. "ಇದೇನ ಇದು, ಗಾಡಿ?"

"ಮನಿಗಾಡಿ. ಸಿಂದಗ್ಯಾಗ ದಸ್ತಗೀರಸಾಬ್ ಕಾಕಾನ ಗ್ಯಾರೇಜಿನ್ಯಾಗ ನಾನ ಕಟ್ಟೇನಿ." ಅವನು ನಾಚಿಕೊಂಡ. "ಭೀಮಾ ದಾಟಿ ಹಿಮಾಚಲದ ತನಕ ಹೋಗಬೇಕು. ಅಲ್ಲೂ ಕುರಿ ಕಾಯೋರು ಅದಾರಂತ. ಹಿಮ ಬಿದ್ರ ಹಿಂಡು ಹೊಡಕೊಂಡು ಕೆಳಗ ಇಳೀತಾರಂತ, ನಮ್ಮಂಗ!"

ನಮ್ಮಂಗ... ಆ ಒಂದು ಮಾತಿಗೆ ಮಾಲಾಳ ಸಿಟ್ಟು ಅರ್ಧ ಕರಗಿತು ನೋಡಿ!

ಆಮೇಲೆ ಪ್ರತಿ ಭಾನುವಾರ ದೇವರ ಹಿಪ್ಪರಗಿಯಲ್ಲಿ, ಮಾಲಾ ಇರುವ ಅವಳ ಅಜ್ಜಿ ರೇವವ್ವನ ಮನೆಯ ಅಂಗಳದಲ್ಲಿ, ಪ್ರಯಾಣದ ಯೋಜನೆ ನಡೆಯಿತು. ಮೊಬೈಲಿನ ನಕ್ಷೆಯ ಮೇಲೆ ಮೂರು ತಲೆಗಳು ಬಾಗುತ್ತಿದ್ದವು. ಎಲ್ಲಿ ಗಾಡಿ ನಿಲ್ಲಿಸುವುದು, ಎಲ್ಲಿ ಟಾಕಿ ತುಂಬಿಸುವುದು, ಚಳಿಗೆ ಎಷ್ಟು ಕಂಬಳಿ...

"ಗಾಡ್ಯಾಗ ಸಂಡಾಸೂ ಐತಿ ಆಯಿ," ಅಂದ ಅಮಿತ.

"ಏನಂದಿ? ಒಲಿ ಬಾಜೂಕ ಸಂಡಾಸಾ? ಥೂ ನಿನ್ನ! ಕುದುರಿನ ಛಲೋ ಇತ್ತು ಬಿಡು!"

ಮಾಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

"ಹಾಸಿಗಿ ಇಬ್ಬರದ ಐತೆಲ್ಲ," ಅಂದಳು ಸುಮ್ಮನೆ. "ಇನ್ನೊಬ್ರು ಯಾರು?"

ಅಮಿತ ನಕ್ಷೆಯಿಂದ ಕಣ್ಣೆತ್ತಲಿಲ್ಲ. ಅವನ ಕಿವಿ ಮಾತ್ರ ಕೆಂಪಾಯಿತು.

"ತಾಳಿ ಇಲ್ಲದ ಟೂರು ಇಲ್ಲ, ಈಗ ಹೇಳೇನಿ!" ಎಂದು ರೇವವ್ವ ಅಲ್ಲೇ ತೀರ್ಪು ಕೊಟ್ಟಳು. ನಾಳೆ ಬಿಟ್ಟು ಮುಂದಿನ ಸೋಮವಾರ ಹಿರಿಯರು ಕೂತು ಮಾತು ಮುಗಿಸುವುದೆಂದಾಯಿತು.

ಅಂದು ಯಾಕೆ ಬರಲಿಲ್ಲ ಎಂದು ಮಾಲಾ ಇನ್ನೂ ಕೇಳಿರಲಿಲ್ಲ. ಏನಾದರೂ ಕೆಟ್ಟ ಉತ್ತರ ಬಂದರೆ? ಈ ನಗು ಹೋದರೆ?

ಶನಿವಾರ ಅವಳು ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಗಾಡಿಯಲ್ಲಿಡಲು ಸಿಂದಗಿಗೆ ಹೋದಳು. ಗ್ಯಾರೇಜು ಖಾಲಿ!

"ನಸಿಕಿಲೇ ಗಾಡಿ ತಗೊಂಡು ಹೋದ ಯವ್ವಾ," ಅಂದರು ದಸ್ತಗೀರಸಾಬರು. "'ನೀರು ನೋಡಿ ಬರ್ತೇನಿ ಅಂತ ಮಾಲಾಗ ಹೇಳ್ರಿ' ಅಂದ."

ಅದೇ ಮಾತು... ಮತ್ತೆ ಅದೇ ಮಾತು!

ಅವಳು ಫೋನು ಬಂದ್ ಮಾಡಿದಳು. ಮನೆಗೆ ಬಂದು ರೊಟ್ಟಿಯ ಗಂಟು ಮೂಲೆಗೆಸೆದಳು.

"ಮದುವಿನೂ ಬ್ಯಾಡ, ಟೂರೂ ಬ್ಯಾಡ! ಹಿರ್ಯಾರಿಗೆ ಬರಬ್ಯಾಡ್ರಿ ಅಂತ ಹೇಳು ಆಯಿ!"

ವಿಷಯ ಕೇಳಿದ ರೇವವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಸಾಲಿ ಕಲ್ತು ಎಲ್ಲಾ ಮರತಿ ನೋಡು! ಹೆಂಡ್ತಿನ ಕರಕೊಂಡು ಹೋಗೂ ಮುಂದ ನೀರು ನೋಡಿ ಬರಬ್ಯಾಡೇನ? ಅವ ನಿನ್ನ ಬಿಟ್ಟು ಹೋಗಿಲ್ಲ ಹುಚ್ಚಿ, ನಿನ್ನ ಸಲುವಾಗಿ ಹೋಗ್ಯಾನ."

"ಅವತ್ತೂ ಹಂಗ ಅಂದಿದ್ದ! ಬಂದನೇನ?"

ರೇವವ್ವನ ನಗು ನಿಂತಿತು. ಮೊಮ್ಮಗಳ ತಲೆ ಸವರಿದಳು.

"ಅವ ಬರಲಿಲ್ಲೋ, ನಾವು ನಿಲ್ಲಲಿಲ್ಲೋ... ಲಾರಿ ಬಂತಂತ ನಿಮ್ಮಪ್ಪ ಗಡಿಬಿಡಿ ಮಾಡಿದ. ಹೋದಾವ ಬರೂತನ ಬಿಡಾರ ಕೀಳಬಾರದು. ತಪ್ಪು ನಮ್ಮದೂ ಇತ್ತು ಯವ್ವಾ."

ಇಷ್ಟು ವರ್ಷ ಈ ಮಾತು ಮಾಲಾಗೆ ಹೊಳೆದೇ ಇರಲಿಲ್ಲವಲ್ಲ!

ಸೋಮವಾರ ಹಿರಿಯರು ಬಂದು ಜಮಖಾನೆಯ ಮೇಲೆ ಕೂತರು. ಚಹಾ ಆಯಿತು, ಎಲೆ-ಅಡಿಕೆ ಆಯಿತು. ಗಂಡೇ ಇಲ್ಲ!

"ಹುಡುಗ ಕೈ ಕೊಟ್ಟ ಕಾಣ್ತೈತಿ," ಎಂದು ಹಿರಿಯರಲ್ಲೊಬ್ಬನಾದ ಮಾಳಿಂಗ ಕಾಕಾ ಎದ್ದುನಿಂತ. "ಇನ್ನ ಯಾಕ ಕೂಡೂದು? ನಡೀರಿ."

ಪರಸಪ್ಪ ಮಗಳ ಕಡೆ ನೋಡಲಾಗದೆ ತಲೆ ತಗ್ಗಿಸಿದ.

ಆಗ ಮಾಲಾ ಒಳಗಿನಿಂದ ಬಂದಳು. ಎಲ್ಲರೆದುರಿಗೇ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಒಲೆ ಹಚ್ಚಿದಳು.

"ಕೂಡ್ರಿ ಕಾಕಾ," ಅಂದಳು. "ನನ್ನ ಗಂಡ ಆಗಾವ ನೀರು ನೋಡಾಕ ಹೋಗ್ಯಾನ. ಬರ್ತಾನ. ಅವ ಬರೂತನ ಇಲ್ಲಿಂದ ಯಾರೂ ಏಳೂದಿಲ್ಲ!"

ಮಾಳಿಂಗ ಕಾಕಾ ಮತ್ತೆ ಜಮಖಾನೆಯ ಮೇಲೆ ಕೂತ.

ಒಲೆಗೆ ಅವಳು ಮತ್ತೆ ಮತ್ತೆ ಸೌದೆ ಹಾಕಿದಳು. ಬಿಸಿಲು ಇಳಿಯುತ್ತ ಬಂತು. 'ಬಾ... ಈ ಸಲನಾದ್ರೂ ಬಾ...'

ಹೊತ್ತು ಮುಳುಗುವ ಮುಂದೆ ಓಣಿಯ ತಿರುವಿನಲ್ಲಿ ಹಾರ್ನು ಕೇಳಿಸಿತು!

ಧೂಳು ಮೆತ್ತಿದ ಮನೆಗಾಡಿಯಿಂದ ಅಮಿತ ಬಾಟಲಿ ಹಿಡಿದು ಇಳಿದ. ಹಿರಿಯರಿಗೆ ಕೈ ಮುಗಿದು, ನೇರವಾಗಿ ಅವಳ ಮುಂದೆ ಬಂದು ನಿಂತ.

"ತಡಾ ಆತು ಮಾಲಾ. ಭೀಮಾ ದಾಟಿದ ಮ್ಯಾಲ ಮೊದಲ ನಿಲ್ಲೂ ಜಾಗಾದಾಗ ನೀರು ಸವಳು ಇತ್ತು. ಸಿಹಿ ನೀರು ಸಿಗೂತನ ಮುಂದ ಹೋದ್ನಿ. ಫೋನ್ ಹಚ್ಚಿದ್ರ ನಿಂದು ಬಂದ್..."

ಉಪ್ಪುಪ್ಪಾದ ಸವಳು ನೀರು! ಚಿಕ್ಕವಳಿದ್ದಾಗ ಅದನ್ನು ಕುಡಿದರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು.

"ಅವತ್ತೂ...?"

"ಅವತ್ತೂ ಅದ. ಸಿಹಿ ನೀರು ತಗೊಂಡು ತಿರುಗಿ ಬಂದ್ನಿ. ನೀವು ಇದ್ದಿಲ್ಲ. ಒಲಿ ಕಲ್ಲು ಮಾತ್ರ ಇನ್ನೂ ಬಿಸಿ ಇದ್ವು." ಅವನ ಕಣ್ಣು ತುಂಬಿತು. "ಹುಡುಕ್ಕೋತ ಇಂಡಿ ಹಾಸ್ಟೆಲ್ ತನಕಾನೂ ಬಂದಿದ್ನಿ. ಗೇಟಿನಾಚಿ ಯೂನಿಫಾರ್ಮ್ ಹಾಕ್ಕೊಂಡು ಗೆಳತ್ಯಾರ ಜೋಡಿ ನಗಾಕತ್ತಿದ್ದಿ. ನನ್ನ ಮೈ ತುಂಬ ಕುರಿ ವಾಸನಿ... ನಾಚಿಕಿ ಆಗಿ ಹಂಗ ಹಿಂದ ಹೋದ್ನಿ."

"ಹುಚ್ಚ! ಆ ವಾಸನಿ ಇಲ್ಲದ ನನಗ ಹಾಸ್ಟೆಲ್ಲಿನ್ಯಾಗ ನಿದ್ದಿನ ಬರ್ತಿದ್ದಿಲ್ಲೋ..."

ಅವಳು ಅಳುತ್ತಲೇ ಅವನ ಕೈ ಹಿಡಿದು ಒಲೆಯ ಹತ್ತಿರ ಕೂರಿಸಿದಳು.

"ನೋಡು. ಕಲ್ಲೂ ಬಿಸಿ ಅದಾವ, ನಾನೂ ಇದ್ದೇನಿ."

ಅಮಿತ ಬಾಟಲಿ ಮುಂದೆ ಹಿಡಿದ. ಮಾಲಾ ಒಂದು ಗುಟುಕು ಕುಡಿದಳು. ಹಿರಿಯರೆಲ್ಲ ಕತ್ತು ಚಾಚಿ ನೋಡಿದರು.

"ಹೆಂಗೈತಿ?"

"ಸಿಹಿ ಐತಿ."

"ಹೋಗೂಣು?"

"ಹೋಗೂಣು," ಅಂದಳು ಮಾಲಾ. ಬಾಟಲಿಯನ್ನು ಅವನ ತುಟಿಗಿಟ್ಟು ಮೆಲ್ಲಗೆ ಸೇರಿಸಿದಳು, "ಆದ್ರ ಇನ್ಮುಂದ ನೀರು ನೋಡಾಕ ಇಬ್ರೂ ಕೂಡೇ ಹೋಗೂಣು."