ಭೇಟಿ ಇಲ್ಲದ ಗುಂಪು

“ಹೋದ ವಾರ ಯಾರ ಜೊತೆಗಾದ್ರೂ ಮನಸ್ಸು ಬಿಚ್ಚಿ ಮಾತಾಡಿದ್ರಾ?”

ಸರ್ವೆಯವಳು ಟ್ಯಾಬ್ ನೋಡುತ್ತಲೇ ಕೇಳಿದಳು. ಕನ್ನಡಕದಂಗಡಿಯವನು ಕಿಟಕಿಯ ಬೆಳಕಿಗೆ ಗಾಜು ಹಿಡಿದು ಒರೆಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯನ್ನು ಮನೆಯ ಮುಂದಿನ ಕೋಣೆಗೇ ತಂದುಕೊಂಡಿದ್ದ.

“ಮಾತಾಡಿದೆನಲ್ಲ. ನೀವೇ ಬಂದಿದ್ರಿ.”

“ನನ್ನನ್ನ ಸೇರಿಸೋ ಹಾಗಿಲ್ಲ.”

“ಯಾಕೆ, ನೀವು ಮನುಷ್ಯರಲ್ವಾ?”

ಕನ್ನಡಕದ ಮೇಲಂಚಿನಿಂದ ಅವನು ನೋಡಿದ ನೋಟಕ್ಕೆ ಅವಳು ತುಟಿ ಕಚ್ಚಿ ನಗು ತಡೆದಳು.

ಒಂಟಿಯಾಗಿರುವವರ ಮನೆಗೆ ವಾರಕ್ಕೊಮ್ಮೆ ಯಾರಾದರೂ ಹೋಗಿ ಹರಟಿದರೆ ಒಂಟಿತನ ಕಡಿಮೆಯಾದೀತೇ? ಅವಳ ಸಂಸ್ಥೆಯ ಪ್ರಯೋಗ ಇದು. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಅರ್ಧ ಜನರನ್ನು ಭೇಟಿಗೆ ಆರಿಸಿತು, ಉಳಿದವರನ್ನು ಬಿಟ್ಟಿತು. ಇವನು ಭೇಟಿ ಇಲ್ಲದವರ ಗುಂಪಿನವನು. ಆಗಾಗ ಹೋಗಿ ಪ್ರಶ್ನೆ ಕೇಳಿ ಎದ್ದು ಬರುವುದಷ್ಟೇ ಅವಳ ಕೆಲಸ. ಎದ್ದು ಬರುವುದನ್ನೇ ಮರೆಯುತ್ತಿದ್ದಳು. ಆಮೇಲಾಮೇಲೆ ಕೆಲಸವಿಲ್ಲದ ವಾರಗಳಲ್ಲೂ, ಉತ್ತರವೊಂದು ಬಿಟ್ಟುಹೋಗಿತ್ತು ಎಂಬ ನೆಪ ಹೇಳಿ ಬರುತ್ತಿದ್ದಳು.

ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅತ್ತಿಗೆ ಒಳ್ಳೆಯವಳೇ. ಊಟ ಮುಚ್ಚಿಟ್ಟು ಮಲಗಿಬಿಡುತ್ತಿದ್ದಳು.

ಇವತ್ತು ಕೊನೆಯ ಸರ್ವೆ. ಬೆಳಿಗ್ಗೆ ಆಫೀಸಿನ ಮೇಡಂ ಫೋನ್ ಮಾಡಿದ್ದರು. “ಏನೇ, ನಿನ್ನ ಕನ್ನಡಕದವರು ಭೇಟಿ ಇಲ್ಲದೇನೇ ಇಷ್ಟು ಗೆಲುವಾಗಿದ್ದಾರಲ್ಲೇ! ಬೇರೆ ಯಾರಾದ್ರೂ ಹೋಗಿಬಂದು ಮಾಡ್ತಿದಾರಾ, ಸರಿಯಾಗಿ ಕೇಳು. ಹೋಲಿಕೆನೇ ಕೆಟ್ಟುಹೋಗತ್ತೆ.”

ಅವಳು ಕೇಳಿದಳು. ಅವನಿಗೆ ಅರ್ಥವಾಯಿತು.

“ಯಾರೂ ಬರ್ತಿರ್ಲಿಲ್ಲ ಅಂತ ಬರ್ಕೊಳ್ಳಿ. ನಿಮ್ಮ ಕೆಲಸಕ್ಕೆ ಸಂಚಕಾರ ಬೇಡ.”

ಅವಳ ಬೆರಳು ಟ್ಯಾಬಿನ ‘ಇಲ್ಲ’ದ ಮೇಲೆ ನಿಂತಿತು. ಒತ್ತಿದರೆ ಕೆಲಸ ಉಳಿಯುತ್ತದೆ. ತಾನು ಈ ಮನೆಗೆ ಬಂದೇ ಇರಲಿಲ್ಲ ಎಂದೂ ಆಗುತ್ತದೆ.

“ನಾನು ಬರದಿದ್ರೂ ನೀವು ಹೀಗೇ ಗೆಲುವಾಗ್ತಿದ್ರೇನೋ,” ಅಂದಳು. “ನೀವಾದ್ರೆ ಒಂದೇ ಕಣ್ಣಿಗೆ ಒಂದಾದ ಮೇಲೊಂದು ಎರಡು ಗ್ಲಾಸ್ ಹಾಕಿ, ಯಾವುದು ಸರಿ ಅಂತ ಕೇಳ್ತೀರಿ. ನಮಗೆ ಹಾಗಾಗಲ್ಲ. ನಾನು ಬರದೇ ಹೋಗಿದ್ದಿದ್ರೆ ಇರ್ತಿದ್ರಲ್ಲ, ಆ ನಿಮ್ಮನ್ನ ಎಲ್ಲಿಂದ ತರಲಿ?”

“ಅವನನ್ನ ನಾನು ನೋಡಿದೀನಿ.” ಅವನು ಗಾಜು ಕೆಳಗಿಟ್ಟ. “ನೀವು ಬರೋಕೆ ಮುಂಚೆ ಇಲ್ಲೇ ಇದ್ದ. ಟೀವಿ ಜೊತೆ ಜಗಳ ಆಡ್ತಿದ್ದ.”

“ಅದು ಪುರಾವೆ ಆಗಲ್ಲ.”

“ಆಗದಿದ್ರೆ ಬಿಡಿ.”

ಅವಳು ಫೋನ್ ತೆಗೆದಳು. “ಮೇಡಂ, ಇವರನ್ನ ಲೆಕ್ಕದಿಂದ ತೆಗೆದುಬಿಡಿ. ಹೋಗಿಬಂದು ಮಾಡ್ತಿದ್ದವಳು ನಾನೇ.”

ಆ ಕಡೆ ಉಸಿರೆಳೆದುಕೊಂಡ ಸದ್ದು. “ನಿನಗೇನೇ ಬಂದಿತ್ತು ಕೇಡು? ಇನ್ಮೇಲೆ ಫೀಲ್ಡಿಗೆ ನಿನ್ನನ್ನ ಕಳಿಸಲ್ಲ, ತಿಳ್ಕೋ.”

“ಸರಿ, ಮೇಡಂ.”

ಇಲ್ಲಿಗೆ ಬರಲು ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದಳು. ಅವನು ಕರೆಯಲಿಲ್ಲ. ಒಳ್ಳೆಯದೇ ಆಯಿತು. ಕರೆದಿದ್ದರೆ, ಅವನು ಕರೆದನೆಂದೇ ನಿಂತೆ ಅಂದುಕೊಂಡುಬಿಡುತ್ತಿದ್ದಳು.

“ನಾಳೆ ಬರ್ತೀನಿ,” ಬೀದಿಯ ಕಡೆಗೇ ಮುಖ ಮಾಡಿ ಹೇಳಿದಳು. “ನಿಮ್ಮ ಒಂಟಿತನಕ್ಕೋಸ್ಕರ ಅಲ್ಲ. ನನಗೂ ಬೇರೆ ಯಾರೂ ಇಲ್ಲ.”

ಒಳಗೆ ಕುರ್ಚಿ ಸರಿದ ಸದ್ದಾಯಿತು. ಪಕ್ಕಕ್ಕೆ ಬಂದು ನಿಂತವನು ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ.

“ಬಸ್ ಸ್ಟಾಪ್ ತನಕ ಬರ್ತೀನಿ, ನಡೀರಿ.”