ಕೊನೆಯ ಇಪ್ಪತ್ತು ಕಿಲೋಮೀಟರ್

ಮಾರ್ಚ್ 10, ಸೋಮವಾರ, ಬೆಳಿಗ್ಗೆ 9.40. ಕಾಗದನಗರದ ಭೂಮಿಕಾ ಭದ್ರಾವತಿಯ ಠಾಣೆಗೆ ಬಂದು ದೂರು ಕೊಟ್ಟಳು. ಗಂಡ ಸುದೀಪ್ ಚಿಲಿ ದೇಶದ ತಾಮ್ರದ ಗಣಿಯಲ್ಲಿ ವೆಲ್ಡರ್ ಆಗಿದ್ದ, ಮೇಲಿಂದ ಬಿದ್ದು ಸತ್ತ. ಹೆಣವನ್ನು ಮಾರ್ಚ್ 2ರಂದು ಸ್ಯಾಂಟಿಯಾಗೊದಲ್ಲಿ ವಿಮಾನಕ್ಕೆ ಹಾಕಿದ್ದೇವೆಂದು ಜೊತೆಗಾರರು ಫೋನ್ ಮಾಡಿದ್ದರು. ಇನ್ನೂ ಮನೆ ಸೇರಿಲ್ಲ.

"ಹೋಗುವಾಗ ಒಂದೂವರೆ ದಿನಕ್ಕೆ ತಲುಪಿದ್ರು ಮೇಡಂ. ಬರೋದಕ್ಕೆ ಎಂಟು ದಿನ ಯಾಕೆ?"

ಸುದೀಪನನ್ನು ಚಿಲಿಗೆ ಕಳಿಸಿದ್ದು ಶಿವಮೊಗ್ಗದ ಏಜೆಂಟ್ ರೇಣುಕಾಪ್ರಸಾದ್. ಹೆಣದ ವಿಮಾನವೇ ಬೇರೆ, ಅದು ದೇಶದೇಶಕ್ಕೂ ಇಳಿದು ತಪಾಸಣೆ ಮುಗಿಸಿಕೊಂಡು ಬರಬೇಕು, ಹದಿನಾರು ಸಾವಿರ ಕಿಲೋಮೀಟರ್ ಅಂದರೆ ಹುಡುಗಾಟವೇ ಅಂದಿದ್ದನಂತೆ. ದಿನಾ ಸಂಜೆ ಒಂದು ಕಾಗದ ಹಿಡಿದು ಬರುತ್ತಿದ್ದ. ಸುದೀಪ್ ಊರು ನೋಡಲು ತಾನಾಗಿಯೇ ಹೋಗಿದ್ದ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಹೆಣ ಬೇಗ ಬರುತ್ತದಂತೆ.

"ಹಾಕಿದ್ರಾ?" ಇನ್‌ಸ್ಪೆಕ್ಟರ್ ಶರಾವತಿ ಕೇಳಿದರು.

"ಇಲ್ಲ. ನನ್ನ ಗಂಡ ಊರು ನೋಡೋಕೆ ಹೋಗಿರ್ಲಿಲ್ಲ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಸಂಜಯನ ಪೆನ್ನು ಹಾಳೆ ಹರಿಯಿತು. ಅವನೂ ಕಾಗದನಗರದ ಅದೇ ಮಿಲ್ ಕ್ವಾರ್ಟರ್ಸಿನಲ್ಲಿ ಬೆಳೆದವನು. ಕಾಗದದ ಮಿಲ್ ನಿಂತ ಮೇಲೆ ಯಾವ ಮನೆಯವರು ಯಾವ ದೇಶದಲ್ಲಿ ಬೇಯುತ್ತಿದ್ದಾರೆಂದು ಬಾಗಿಲು ಬಾಗಿಲಿಗೂ ಹೇಳಬಲ್ಲ.

10.15. ಸಂಜಯ್ ವಿಮಾನಗಳ ವೇಳಾಪಟ್ಟಿ ತೆಗೆದು ಲೆಕ್ಕ ಹಾಕಿದ. ಎರಡು ಕಡೆ ವಿಮಾನ ಬದಲಿಸಿದರೂ ಮೂವತ್ತೈದು ಗಂಟೆ. ಕಾಯುವ ಹೊತ್ತು ಸೇರಿಸಿದರೆ ಎರಡು ದಿನ. ಬೆಂಗಳೂರು ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ಫೋನ್ ಹೋಯಿತು. ಪೆಟ್ಟಿಗೆ ಮಾರ್ಚ್ 4ರ ಬೆಳಿಗ್ಗೆಯೇ ಬಂದಿತ್ತು. ಹೆಂಡತಿಯ ಒಪ್ಪಿಗೆ ಪತ್ರ ತೋರಿಸಿ ರೇಣುಕಾಪ್ರಸಾದ್ ಅಂದೇ ಬಿಡಿಸಿಕೊಂಡಿದ್ದ. ಪತ್ರದ ಫೋಟೊ ವಾಟ್ಸಾಪಿನಲ್ಲಿ ಬಂತು. ಸಹಿ ತನ್ನದಲ್ಲ ಎಂದಳು ಭೂಮಿಕಾ. ವಂಚನೆ, ಖೋಟಾ ಸಹಿ ಎಂದು ಎಫ್‌ಐಆರ್ ದಾಖಲಾಯಿತು.

ಪತ್ರದಲ್ಲಿ ಆಂಬ್ಯುಲೆನ್ಸ್ ನಂಬರ್ ಇತ್ತು. ಅದರ ಚಾಲಕ ಪುಟ್ಟಯ್ಯ ಶಿವಮೊಗ್ಗ ಬಸ್ ನಿಲ್ದಾಣದ ಬಳಿ ಟೀ ಕುಡಿಯುತ್ತಾ ಸಿಕ್ಕ.

"ಎಲ್ಲಿ ಇಳಿಸಿದೆ?" ಸಂಜಯ್ ಕೇಳಿದ.

"ಇಲ್ಲೇ ಸಾರ್, ಒಂದು ಖಾಸಗಿ ಶವಾಗಾರ. ಮನೆಯವರು ಬರೋತನಕ ಇರ್ಲಿ ಅಂದ್ರು."

"ಮನೆಯವರು ಎಲ್ಲಿದಾರಂತೆ?"

"ವಿದೇಶದಲ್ಲಂತೆ."

12.50. ಶವಾಗಾರದಿಂದ ಪಂಚರ ಸಮ್ಮುಖದಲ್ಲಿ ಪೆಟ್ಟಿಗೆ ಹೊರತೆಗೆದರು. ಮೇಲೆ ಸುದೀಪನ ಹೆಸರು, ಕಾಗದನಗರ, ಮನೆ ನಂಬರ್ ಸಮೇತ ವಿಳಾಸ. ಚಿಲಿಯಲ್ಲಿ ಯಾರೋ ಒಂದಕ್ಷರ ತಪ್ಪದಂತೆ ಬರೆದಿದ್ದರು. ಪಂಚನಾಮೆ ಬರೆಯುತ್ತಿದ್ದ ಸಂಜಯನಿಗೆ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯತೊಡಗಿತು.

2.20. ಏಜೆಂಟನ ಕಚೇರಿ. ಗೋಡೆ ತುಂಬ ಪ್ರಪಂಚದ ನಕ್ಷೆ. ಸಂಜಯ್ ನೇರ ಹೋಗಿ ರೇಣುಕಾಪ್ರಸಾದನ ಕಾಲರ್ ಹಿಡಿದ.

"ಎಷ್ಟು ದೂರ ಅಂದ್ಯೋ ಅವಳಿಗೆ?"

"ಕೈ ತೆಗಿ ಸಂಜಯ್," ಎಂದರು ಶರಾವತಿ. ತೆಗೆದ. ತೆಗೆಯಲು ಮನಸ್ಸಿರಲಿಲ್ಲ.

ರೇಣುಕಾಪ್ರಸಾದ್ ಬೇಗ ಒಪ್ಪಿಕೊಂಡ. ಹುಡುಗರನ್ನೆಲ್ಲ ಪ್ರವಾಸಿ ವೀಸಾದಲ್ಲಿ ಗಣಿಗೆ ನುಗ್ಗಿಸಿದ್ದ. ಸುದೀಪ್ ತಾನಾಗಿಯೇ ಹೋದನೆಂದು ಹೆಂಡತಿಯೇ ಬರೆದುಕೊಟ್ಟರೆ ಅದು ಹೊರಬರುತ್ತಿರಲಿಲ್ಲ. ಹೆಣ ಮನೆಗೆ ಹೋದ ಮೇಲೆ ಆ ಕಾಗದಕ್ಕೆ ಯಾರು ಸಹಿ ಹಾಕುತ್ತಾರೆ? ಹೆಣ ಕೈಯಲ್ಲಿದ್ದರೆ ಹೆಂಗಸು ಇವತ್ತಲ್ಲ ನಾಳೆ ಬಗ್ಗುತ್ತಾಳೆ ಅಂದುಕೊಂಡಿದ್ದ.

"ನನ್ನ ಮಗನೂ ಅದೇ ವೀಸಾದಲ್ಲಿ ಅಲ್ಲೇ ಇದಾನೆ ಮೇಡಂ. ತನಿಖೆ ಆದ್ರೆ ಅವನನ್ನ ಅಲ್ಲಿ ಜೈಲಿಗೆ ಹಾಕ್ತಾರೆ."

"ಅವನೇನು, ಊರು ನೋಡೋಕೆ ಹೋಗಿದಾನೇನ್ರೀ?" ಶರಾವತಿ ಕೇಳಿದರು.

ಮಗ ನೆನಪಾದದ್ದೇ ಏನೋ, ರೇಣುಕಾಪ್ರಸಾದನ ಕಣ್ಣು ತುಂಬಿತು. ಸಂಜಯನ ಸಿಟ್ಟು ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ. ಮಗನಿಗಾಗಿ ಇಷ್ಟು ಹೆದರಬಲ್ಲವನು ದಿನಾ ಸಂಜೆ ಹೋಗಿ ಆ ಹೆಂಗಸಿನ ಮುಖ ನೋಡಿ ಬಂದಿದ್ದ.

3.05ಕ್ಕೆ ಬಂಧನ. 5.10ಕ್ಕೆ ಪೆಟ್ಟಿಗೆ ಮನೆ ಮುಟ್ಟಿತು.

ಠಾಣೆಯ ದಿನಚರಿಯಲ್ಲಿ ಸಂಜಯ್ ಹೀಗೆ ಬರೆದ: ಸ್ಯಾಂಟಿಯಾಗೊದಿಂದ ಬೆಂಗಳೂರಿಗೆ ಎರಡು ದಿನ. ಶಿವಮೊಗ್ಗದಿಂದ ಕಾಗದನಗರಕ್ಕೆ, ಇಪ್ಪತ್ತು ಕಿಲೋಮೀಟರ್, ಆರು ದಿನ.