ಶನಿವಾರದ ‘ಬರ್ತೇನೆ’

ಆಕ್ಲೆಂಡಿನಿಂದ ಮಂಗಳೂರಿಗೆ ಹನ್ನೊಂದು ಸಾವಿರ ಚಿಲ್ಲರೆ ಕಿಲೋಮೀಟರ್. ಸಿಂಗಾಪುರ, ಬೆಂಗಳೂರು ಎಂದು ಎರಡು ಕಡೆ ವಿಮಾನ ಬದಲಿಸಿ, ಹತ್ತಿರ ಹತ್ತಿರ ಒಂದು ದಿನದ ಪ್ರಯಾಣ. ಸುಳ್ಯದ ಹತ್ತಿರದ ಮಂಡೆಕೋಲಿನಲ್ಲಿ ಜೇನು ಸಾಕುವ ಹರ್ಷಿತನಿಗೆ ಇದೆಲ್ಲ ಬಾಯಿಪಾಠ. ದಿನಕ್ಕೊಮ್ಮೆ ಮೊಬೈಲಿನಲ್ಲಿ ಆ ದೂರವನ್ನು ನೋಡದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ನೋಡಿದ ಮಾತ್ರಕ್ಕೆ ದೂರ ಕಡಿಮೆಯಾಗುವುದುಂಟೆ? ಆದರೂ ನೋಡುತ್ತಿದ್ದ.

ಅಲ್ಲಿದ್ದವಳು ಭವಿತಾ, ಅವನ ಕಾಲೇಜಿನ ಗೆಳತಿ. ಹೈನುಗಾರಿಕೆ ಕಲಿಯಲು ಹೋದವಳು. ಗೆಳೆತನದಿಂದ ಮುಂದಿನ ಮಾತಿಗೆ ಇಬ್ಬರಿಗೂ ಇನ್ನೂ ಬಾಯಿ ಬಂದಿರಲಿಲ್ಲ. ಕಳೆದ ವಾರ ಫೋನಿನಲ್ಲಿ, "ಇಲ್ಲೇ ಖಾಯಂ ಕೆಲಸ ಕೊಡ್ತಾರಂತೆ. ಮುಂದಿನ ಸೋಮವಾರ ಉತ್ತರ ಹೇಳ್ಬೇಕು. ಎಂತ ಮಾಡ್ಲಿ?" ಎಂದಿದ್ದಳು.

"ನಿನ್ನಿಷ್ಟ" ಎಂದಿದ್ದ, ಹೆಡ್ಡ.

ಅದಕ್ಕೆ ಅವಳು, "ಶನಿವಾರ ರಜೆ ಉಂಟು. ಬರ್ತೇನೆ, ಆಯ್ತಾ?" ಎಂದು ಫೋನಿಟ್ಟಿದ್ದಳು.

ನಮ್ಮ ಕಡೆ ಹೊರಡುವವರು ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ, ಅದು ಅಪಶಕುನ. ಸುಳ್ಯದ ಪೇಟೆಗಾಗಲಿ ಪರದೇಶಕ್ಕಾಗಲಿ, ಹೊರಡುವಾಗ ‘ಬರ್ತೇನೆ’. ಭವಿತಾ ಫೋನಿಡುವುದೂ ಹಾಗೆಯೇ. ಹಾಗಾಗಿ ಹರ್ಷಿತ್ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳು ಇನ್ನು ಅಲ್ಲಿಯವಳೇ ಆದಳೆಂದು ವಾರವಿಡೀ ಮುಖ ಸಪ್ಪೆ ಮಾಡಿಕೊಂಡು ತಿರುಗಿದ.

ಶನಿವಾರ ರಬ್ಬರ್ ತೋಟದಲ್ಲಿ ಜೇನುಪೆಟ್ಟಿಗೆ ತೆರೆದಿದ್ದಾಗ ಫೋನ್ ಬಂತು.

"ಎಲ್ಲಿದ್ದಿ ಮಾರಾಯ? ನಾನು ಹೊರಗೆ ಬಂದಾಯ್ತು."

"ಎಲ್ಲಿಂದ ಹೊರಗೆ?"

"ಮಂಗಳೂರು ಏರ್‌ಪೋರ್ಟಿಂದ. ಬರ್ತೇನೆ ಅಂತ ಹೇಳಿದ್ದೆ ಅಲ್ವಾ? ಮನೆಯಲ್ಲಿ ಸಹ ಹೇಳಿಲ್ಲ, ನಿನಗೆ ಮಾತ್ರ ಹೇಳಿದ್ದು."

"ನಾನು ಅದು... ಫೋನ್ ಇಡುವ ಬರ್ತೇನೆ ಅಂತ..." ಸರಿಯಾಗಿ ಕೇಳಲೆಂದು ಮುಖದ ಬಲೆ ಎತ್ತಿದ್ದೇ ತಪ್ಪಾಯಿತು. ಜೇನುನೊಣವೊಂದು ಕೆಳತುಟಿಗೇ ಚುಚ್ಚಿತು.

ಅವನ ಕೂಗು ಕೇಳಿ ಆಚೆಯಿಂದ ನಗು. "ಅಳ್ಬೇಡ. ನಾನು ಪುತ್ತೂರಿಗೆ ಬಸ್ಸು ಹಿಡೀತೇನೆ, ನೀನು ಅಲ್ಲಿಗೆ ಬಾ."

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಅವಳು ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅವನನ್ನು ಕಂಡವಳ ನೋಟ ಅಂಗಿಗೆ ಅಂಟಿದ ಮೇಣದಿಂದ ಮೆಲ್ಲ ಮೇಲೇರಿ, ಬನ್ನಿನಂತೆ ಊದಿದ ತುಟಿಯಲ್ಲಿ ನಿಂತಿತು.

"ನಗ್ಬೇಡ."

"ನಗುದಿಲ್ಲ" ಎಂದವಳ ಕಣ್ಣ ತುಂಬ ನಗುವೇ. ಆಮೇಲೆ ಸ್ವರ ಸಣ್ಣದಾಯಿತು. "ಹರ್ಷಿತ್, ಇನ್ನೊಮ್ಮೆ ಕೇಳ್ತೇನೆ. ಸೋಮವಾರ ಅವರಿಗೆ ಎಂತ ಹೇಳ್ಲಿ?"

ಅಷ್ಟು ದೂರದಿಂದ ಅವಳು ಹಾರಿ ಬಂದದ್ದು ಇದೊಂದು ಮಾತಿಗಾಗಿ ಎಂದು ಅವನಿಗೆ ಆಗ ಹೊಳೆಯಿತು.

"ಬೇಡ ಅಂತ ಹೇಳು. ನಿನ್ನಿಷ್ಟ ಅಂದದ್ದು ಬರೀ ಸುಳ್ಳು. ನನಗೆ ನೀನು ಬೇಕು, ಭವಿತಾ." ಊದಿದ ತುಟಿಯಿಂದ ಮಾತು ಅರ್ಧಂಬರ್ಧ ಹೊರಬಿತ್ತು. ಅವಳಿಗೆ ಪೂರ್ತಿ ಅರ್ಥವಾಯಿತು.

"ಮತ್ತೆ ನಾನು ಕಲಿತದ್ದು?"

"ಇಲ್ಲಿಯ ದನ ಹಾಲು ಕೊಡುದಿಲ್ವಾ?"

ಭವಿತಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಸೂಟ್‌ಕೇಸನ್ನು ಅವನತ್ತ ತಳ್ಳಿ, "ಎತ್ತು. ಸೀದಾ ನಮ್ಮ ಮನೆಗೆ. ಅಪ್ಪನ ಹತ್ತಿರ ಮಾತಾಡುದು ನೀನು" ಎಂದಳು.

"ಈ ತುಟಿಯಲ್ಲಾ? ಇಳಿಯಲಿ, ನಾಳೆ ಮಾತಾಡುವ."

"ಬೇಡಪ್ಪ. ತುಟಿ ಸರಿ ಇದ್ದಾಗ ನೀನು ಎಂತ ಮಾತಾಡ್ತಿ ಅಂತ ನಾನು ಕೇಳಿದ್ದೇನೆ."